ಹಳೆಯ ಗಾಡಿಗಳ ಪರೀಕ್ಷೆ

ಹಳೆಯ ಗಾಡಿಗಳ ಸುತ್ತಲೂ ಜನರು ನೆರೆದು, ಬಗ್ಗಿ ನೋಡಿ, ಮುಟ್ಟಿ ನೋಡಿ, ಇದು ಮೇಲು, ಅದು ಕೀಳು ಎಂದು ತೀರ್ಪು ಹೇಳುವದನ್ನು ನಾನು ಮೊದಲು ಕಂಡದ್ದು ಉಳವಿಯಲ್ಲಿ. ಅಲ್ಲಿಯ ಚನ್ನಬಸವೇಶ್ವರನ ಜಾತ್ರೆಗೆ ಧಾರವಾಡ, ಬೆಳಗಾವಿಗಳ ಕಡೆಯಿಂದ ಸಾಲುಗಟ್ಟಿ ಬರುತ್ತಿದ್ದ ಚಕ್ಕಡಿಗಳಿಗೆ ನಮ್ಮ ಬಾಲ್ಯದಲ್ಲಿ ಯಾರೂ ಅಂಕಗಳನ್ನು ಹಾಕುತ್ತಿರಲಿಲ್ಲ. ಪಾರಿತೋಷಕದ ಮಾತಂತೂ ಇರಲೇ ಇಲ್ಲ. ಆದರೂ ಯಾವ ಊರಿನ ಯಾರ ಚಕ್ಕಡಿಯು ಈ ಸಲ ಮೇಲೆನಿಸಿತೆಂಬುದು ತೇರೆಳೆಯುವ ಮೊದಲೇ ಇಡಿಯ ಜಾತ್ರೆಗೆ ಗೊತ್ತಾಗಿರುತ್ತಿದ್ದಿತು. ಇದೇ ಕೆಲಸವನ್ನು ಮೋಟಾರು ಗಾಡಿಗಳ ವಿಷಯದಲ್ಲಿ, ಕೈಯಲ್ಲಿ ಕಾಗದ ಪೆನ್ಸಿಲು ಹಿಡಿದು ಮಾಡುವ ಪ್ರಸಂಗವು ನನಗೆ ಬಂದೀತೆಂದು ನಾನು ಎಣಿಸಿರಲಿಲ್ಲ.

ಹಳೆಯ ಮೋಟಾರುಗಳ ಪ್ರದರ್ಶನವು ನಮ್ಮ ದೇಶಕ್ಕೆ ಹೊಸದೇನಲ್ಲ. ‘ಸ್ಟೇಟ್ಸ್‌ಮನ್’ ಪತ್ರಿಕೆಯವರು ೧೯೬೪ರಲ್ಲಿ ಆರಂಭಿಸಿದ ಹಳೆಯ ಕಾರುಗಳ ಓಟವು ಅರ್ಧ ಶತಮಾನವನ್ನು ದಾಟಿತು. ನಮ್ಮ ಕರ್ನಾಟಕದಲ್ಲಿ ಧರ್ಮಸ್ಥಳಕ್ಕೆ ಹೋದ ಯಾತ್ರಿಕರು ಮಂಜುನಾಥನ ದರ್ಶನವನ್ನು ಮುಗಿಸಿಕೊಂಡು ಡಾ. ವೀರೇಂದ್ರ ಹೆಗ್ಗಡೆಯವರ ಕಾರುಗಳ ಸಂಗ್ರಹವನ್ನೂ ನೋಡಿ ಬರುವರು. ಶ್ರೀರಂಗಪಟ್ಟಣದ ಸಮೀಪದಲ್ಲಿ ಧರ್ಮಸ್ಥಳದವರದೇ ಆದ ‘ಪಯಣ’ವೆಂಬ ಸಂಗ್ರಹಾಲಯವು ಈಗ ಹೆದ್ದಾರಿಯ ಪ್ರಯಾಣಿಕರನ್ನು ಕರೆಯುತ್ತಿದೆ. ಇಂಥ ಗಾಳಿ ನಮ್ಮ ಸೀಮೆಗೂ ಬೀಸಿ, ಒಂದು ಪಟ್ಟಣದ ಕೆಲವರು ಉತ್ಸಾಹಿಗಳು ಕೂಡಿ ಹಳೆಯ ಕಾರುಗಳ ಪ್ರದರ್ಶನವೊಂದನ್ನು ಏರ್ಪಡಿಸಿದರು; ಮೂವರು ಪರೀಕ್ಷಕರಲ್ಲಿ ಒಬ್ಬನಾಗಿರಬೇಕೆಂದು ನನ್ನನ್ನು ಕರೆದರು. ನಾನು ಯಂತ್ರವಿದ್ಯೆಯನ್ನು ಕಲಿತವನಲ್ಲ, ಶಾಲೆಯ ಮಾಸ್ತರನಾಗಿದ್ದವನು. ಹಳೆಯ ಸರ್ವಿಸ್ ಮೋಟಾರುಗಳ ಪರವಾನಿಗೆ, ರಸೀದಿ, ಜಾಹೀರಾತುಗಳನ್ನು ಕೂಡಿಸಿಡುವ ಹುಚ್ಚು ನನಗಿದ್ದುದರಿಂದ, ಕಾಗದಪತ್ರಗಳನ್ನು ನೋಡಲು ಒಬ್ಬನಿರಲೆಂದು ಕರೆದಿರಬೇಕು. ಉಳಿದಿಬ್ಬರಲ್ಲಿ ಒಬ್ಬರು ನಿವೃತ್ತ ಎಂಜಿನಿಯರರು; ಇನ್ನೊಬ್ಬರು ನಾಲ್ವತ್ತು ವರುಷ ಗ್ಯಾರೇಜನ್ನು ನಡೆಸಿ, ಕಿವಿಯಿಂದಲೇ ಎಂಜಿನ್ನಿನ ರೋಗವನ್ನು ತಿಳಿಯಬಲ್ಲ ಮೇಸ್ತ್ರಿಗಳು.

‘ವಿಂಟೇಜ್’ ಎಂಬ ಮಾತು ಈಗ ನಮ್ಮ ಹುಡುಗರ ಬಾಯಲ್ಲಿಯೂ ಇದೆ. ಇದು ಮೂಲತಃ ದ್ರಾಕ್ಷಾರಸದ ವ್ಯಾಪಾರಿಗಳ ಮಾತು. ಯಾವ ವರುಷದ ಸುಗ್ಗಿಯ ದ್ರಾಕ್ಷಿಯೆಂಬುದನ್ನು ಹೇಳುವಂಥದು. ಮೋಟಾರಿನವರು ಇದನ್ನು ಎರವು ತಂದು, ೧೯೧೯ರಿಂದ ೧೯೩೦ರ ವರೆಗಿನ ಗಾಡಿಗಳಿಗೆ ಮುಡಿಸಿದ್ದಾರೆ. ಅದಕ್ಕೂ ಹಿಂದಿನವು ‘ವೆಟರನ್’, ಮುಂದಿನವು ಬೇರೆ ಬೇರೆ ಹೆಸರಿನವು. ಈ ಗಡಿಯನ್ನು ಕಾಯುವ ಇಂಗ್ಲೆಂಡದ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ಬು ಹುಟ್ಟಿದ್ದು ೧೯೩೪ರಲ್ಲಿ. ಅಂದರೆ ೧೯೩೦ರ ಗಾಡಿಗೆ ನಾಲ್ಕೇ ವರುಷ ತುಂಬಿದಾಗ, ‘ಹಿಂದಿನ ಕಾಲದ ಗಾಡಿಗಳೇ ಗಾಡಿಗಳು, ಈಗಿನವು ಬರಿಯ ತಗಡು’ ಎಂದು ನಿಟ್ಟುಸಿರಿಡುವವರು ಆಗಲೇ ಸಂಘ ಕಟ್ಟಿದ್ದರು! ನಮ್ಮಲ್ಲಿ ಸರಕಾರದ ಲೆಕ್ಕವು ಬೇರೆ. ಕೇಂದ್ರ ಸರಕಾರವು ೨೦೨೧ರ ಜುಲೈ ತಿಂಗಳಲ್ಲಿ ಮೋಟಾರು ವಾಹನಗಳ ನಿಯಮಗಳಿಗೆ ಮಾಡಿದ ತಿದ್ದುಪಡಿಯಂತೆ, ಮೊದಲ ನೋಂದಣಿಯಿಂದ ೫೦ ವರುಷ ಕಳೆದ ಸ್ವಂತದ ಗಾಡಿಯು ವಿಂಟೇಜ್ ಎನಿಸುವದು. ಅದರ ಸಂಖ್ಯೆಯ ನಡುವೆ ‘ವಿಎ’ ಎಂಬ ಅಕ್ಷರಗಳು ಬರುವವು. ಹೊಸ ನೋಂದಣಿಗೆ ೨೦,೦೦೦ ರೂಪಾಯಿ ತೆರಬೇಕು. ಚೌಕಟ್ಟು, ಮೈ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದೆಂಬ ಕಟ್ಟಳೆಯೂ ಅದರಲ್ಲಿದೆ. ಈ ಕೊನೆಯ ಕಟ್ಟಳೆಯನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಅದರದೇ ತಕರಾರು ಬರುವದಿದೆ.

ಪರೀಕ್ಷೆಯೆಂದರೆ ಸಾಲಿನಲ್ಲಿ ನಡೆದು ಚೆಂದದ ಗಾಡಿಗೆ ತಲೆದೂಗುವದೆಂದು ನಾನು ತಿಳಿದಿದ್ದೆನು. ಅದು ಹಾಗಲ್ಲ, ಅದೊಂದು ಪತ್ತೇದಾರಿ. ಗಾಡಿಯು ತನ್ನ ವಯಸ್ಸಿನ ಬಗ್ಗೆ ಹೇಳುವ ಮಾತನ್ನು ಅದರ ಒಂದೊಂದು ಅಂಗವೂ ಸಾಕ್ಷಿಯಾಗಿ ನಿಂತು ನಿಜವೆನ್ನಬೇಕು. ೧೯೨೦ರ ಸುಮಾರಿನದೆಂದು ಹೇಳಿದ ಫೋರ್ಡಿನ ‘ಟಿ’ ಮಾದರಿಯ ಗಾಡಿಯೊಂದು ಕೆಂಪು ಬಣ್ಣದಿಂದ ಥಳಥಳಿಸುತ್ತ ನಿಂತಿತ್ತು. ಹುಡುಗರೆಲ್ಲರೂ ಅದರ ಮುಂದೆಯೇ ಚಿತ್ರ ತೆಗೆಸಿಕೊಳ್ಳುತ್ತಿದ್ದರು. ಫೋರ್ಡನು ೧೯೦೮ರಿಂದ ೧೯೨೭ರ ವರೆಗೆ ಒಂದೂವರೆ ಕೋಟಿ ಟಿ ಗಾಡಿಗಳನ್ನು ಮಾಡಿದನು. ಅವುಗಳಲ್ಲಿ ೧೯೧೪ರಿಂದ ೧೯೨೫ರ ವರೆಗಿನವೆಲ್ಲವೂ ಕಪ್ಪು. ಕೆಂಪು ಬಣ್ಣವು ಎಷ್ಟು ಚೆಲುವಾಗಿದ್ದರೂ ಆ ಗಾಡಿಯ ಮೈಮೇಲೆ ಅದೊಂದು ಸುಳ್ಳು. ಇನ್ನೊಂದು ಗಾಡಿಯ ದೀಪದ ಬಳೆಯ ಮುಂದೆ ಮೇಸ್ತ್ರಿಗಳು ನನ್ನನ್ನು ನಿಲ್ಲಿಸಿದರು.

“ಮಾಸ್ತರ, ಈ ಹೊಳಪು ನೋಡ್ರಿ. ನಿಕ್ಕಲ್ಲು ಹಾಲಿನ ಕೆನಿ ಇದ್ದಂಗ, ತುಸು ಹಳದಿ ಹೊಡೀತದ. ಇದು ನೀಲಿ ಹೊಡ್ಯಾಕ್ಹತ್ತೇತಿ. ಕ್ರೋಮು. ಇಪ್ಪತ್ನಾಕನೇ ಇಸವಿ ಗಾಡಿಗೆ ಕ್ರೋಮು ಎಲ್ಲಿಂದ ಬರಬೇಕ್ರಿ?”

ಮೋಟಾರುಗಳಿಗೆ ಕ್ರೋಮಿನ ಮುಲಾಮು ಬಂದದ್ದು ೧೯೨೦ರ ದಶಕದ ಕೊನೆಗೆ; ಅದಕ್ಕೂ ಮುಂಚಿನದೆಲ್ಲ ನಿಕ್ಕಲ್ಲು. ಹಾಗೆಯೇ ತಿರುಪು ಮೊಳೆಯ ತಲೆ. ಒಂದೇ ಗೀರಿನ ತಲೆಯಿದ್ದರೆ ಹಳೆಯದು. ಕೂಡುವ ಚಿಹ್ನೆಯಂಥ ಗೀರಿದ್ದರೆ ಅದು ೧೯೩೬ರ ಈಚಿನದು. ಬಾಗಿಲಿನ ಸಂದಿಯಲ್ಲಿ ಅಡಗಿದ ಒಂದು ಕಾಸಿನ ಮೊಳೆಯು ಲಕ್ಷ ರೂಪಾಯಿಯ ಗಾಡಿಯ ಗುಟ್ಟನ್ನು ಹೊರಗೆಡಹುವದನ್ನು ಕಂಡು, ಈ ವಿದ್ಯೆಗೂ ನಮ್ಮ ಶಾಸನಗಳ ಪರೀಕ್ಷೆಗೂ ದಾಯಾದಿತನವಿದೆಯೆಂದು ನನಗೆ ತೋರಿತು. ಅಕ್ಷರದ ತಲೆಕಟ್ಟನ್ನು ನೋಡಿ ಶಾಸನವು ಕೂಟವೆಂದು ಹೇಳುವವರಿಲ್ಲವೆ? ಇವರೂ ಅವರ ಬಳಗವೇ.

ಮಧ್ಯಾಹ್ನದ ಹೊತ್ತಿಗೆ ನಮ್ಮ ಪಟ್ಟಿಯಲ್ಲಿ ಎರಡು ಗಾಡಿಗಳು ಉಳಿದವು. ಒಂದು ಆಸ್ಟಿನ್ ಸೆವೆನ್. ೧೯೨೨ರಿಂದ ೧೯೩೯ರ ವರೆಗೆ ಇಂಗ್ಲೆಂಡದಲ್ಲಿ ತಯಾರಾದ ಮಗುವಿನಂಥ ಪುಟ್ಟ ಗಾಡಿ. ಅದನ್ನು ಮೊಳೆ ಮೊಳೆಯಾಗಿ ಬಿಚ್ಚಿ, ತಿರುಗಿ ಕೂಡಿಸಿ, ಕನ್ನಡಿಯಂತೆ ಮಾಡಿದ್ದರು. ಎಂಜಿನ್ನಿನ ಕೆಳಗೆ ಕೈಯಾಡಿಸಿದರೆ ಬೆರಳಿಗೆ ಮಸಿ ಹತ್ತಲಿಲ್ಲ. ಅದು ಲಾರಿಯ ಮೇಲೆ, ಕಂಬಳಿ ಹೊದ್ದುಕೊಂಡು ಬಂದಿತ್ತು; ಇಳಿಜಾರು ಹಲಗೆಯಿಂದ ಇಳಿದು ಐವತ್ತು ಮಾರು ನಡೆದು ತನ್ನ ಜಾಗದಲ್ಲಿ ನಿಂತಿತ್ತು. ಇನ್ನೊಂದು, ೧೯೩೦ರ ದಶಕದ ಶೆವರ್ಲೆ. ಜನರಲ್ ಮೋಟರ್ಸ್ ಕಂಪನಿಯವರು ೧೯೨೮ರಲ್ಲಿ ಮುಂಬಯಿಯಲ್ಲಿ ಜೋಡಣೆಯ ಕಾರಖಾನೆಯನ್ನು ತೆರೆದ ಮೇಲೆ ನಮ್ಮ ಕಡೆಗೆಲ್ಲ ಬಂದ ಗಾಡಿಗಳ ಪೈಕಿ ಇದೊಂದು. ಬಣ್ಣವು ಅಲ್ಲಲ್ಲಿ ಎದ್ದು, ಕೆಳಗಿನ ಲೋಹ ಕಾಣುತ್ತಿದ್ದಿತು. ಕೂಡ್ರುವ ತೊಗಲು ಬಿರಿದಿತ್ತು. ಅದರ ಒಡೆಯನು ಬೆಳಗಿನ ಜಾವದಲ್ಲಿ ಹೊರಟು, ಘಟ್ಟವನ್ನೇರಿ, ನೂರು ಕಿಲೋಮೀಟರಿಗೂ ಮಿಕ್ಕಿ ತಾನೇ ನಡೆಸಿಕೊಂಡು ಬಂದಿದ್ದನು.

ತಕರಾರು ಹುಟ್ಟಿದ್ದು ಬಣ್ಣದಿಂದಲ್ಲ. ಶೆವರ್ಲೆಯ ಹಿಂಭಾಗದಲ್ಲಿ ಹೆಬ್ಬೆರಳು ಹೋಗುವಷ್ಟು ದೊಡ್ಡ ನಾಲ್ಕು ತೂತುಗಳಿದ್ದವು; ಅವುಗಳ ನಡುವಿನ ತಗಡು ಕಾದು ಕಾದು ಕಪ್ಪಿಟ್ಟು, ಸ್ವಲ್ಪ ಒಳಗೆ ಬಾಗಿದ್ದಿತು. ಎರಡನೆಯ ಮಹಾಯುದ್ಧದ ಕಾಲಕ್ಕೆ ಪೆಟ್ರೋಲಿಗೆ ಬರ ಬಂದಾಗ ನಮ್ಮ ಬಸ್ಸು ಕಾರುಗಳೆಲ್ಲ ಇದ್ದಲಿಯ ಹೊಗೆಯಿಂದ ಓಡಿದ್ದನ್ನು ಹಿರಿಯರಿಂದ ಕೇಳದವರು ಇಲ್ಲಿ ಕಡಿಮೆ. ಗಾಡಿಯ ಹಿಂದೆ ಒಂದು ಉದ್ದನೆಯ ಒಲೆಯನ್ನು ಬಿಗಿಯುತ್ತಿದ್ದರು. ಅದರಲ್ಲಿ ಇದ್ದಲಿ ತುಂಬಿ, ಗಾಳಿಯನ್ನು ಸಾಲದಷ್ಟೇ ಬಿಟ್ಟು ಸುಟ್ಟರೆ ಇಂಗಾಲದ ಮೊನಾಕ್ಸೈಡು ಹುಟ್ಟುವದು. ಅದನ್ನು ಸೋಸಿ ಎಂಜಿನ್ನಿಗೆ ಒಯ್ದರೆ ಪೆಟ್ರೋಲಿನ ಬದಲು ಅದೇ ಉರಿಯುವದು. ಹೊರಡುವ ಮೊದಲು ಕೈಯಿಂದ ಪಂಖವನ್ನು ತಿರುಗಿಸಿ ಬೆಂಕಿಯೆಬ್ಬಿಸಬೇಕು. ಇಷ್ಟೆಲ್ಲ ಮಾಡಿದರೂ ಎಂಜಿನ್ನಿನ ಶಕ್ತಿಯಲ್ಲಿ ಮೂರರಲ್ಲೊಂದು ಭಾಗವಾದರೂ ಸೋರಿಹೋಗುತ್ತಿತ್ತಾದ್ದರಿಂದ, ಏರು ಬಂದಲ್ಲಿ ಪ್ರಯಾಣಿಕರು ಇಳಿದು ನಡೆಯಬೇಕು, ಕೆಲವೊಮ್ಮೆ ನೂಕಬೇಕು. ಕಾಡಿನ ಈ ನಮ್ಮ ಜಿಲ್ಲೆಯಲ್ಲಿ ಇದ್ದಲಿಗೆ ಬರವಿರಲಿಲ್ಲ, ಏರುಗಳಿಗೂ ಬರವಿರಲಿಲ್ಲ.

ಎಂಜಿನಿಯರರು ಆ ನಾಲ್ಕು ತೂತುಗಳಿಗೆ ಅಂಕಗಳನ್ನು ಕಳೆದರು. “ಗಾಡಿ ಕಾರಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗಿರಬೇಕು, ಮಾಸ್ತರರೇ. ಅಂದು ಈ ತೂತುಗಳು ಇದ್ದವೇ? ಇರಲಿಲ್ಲ. ಅಲ್ಲಿಗೆ ಮುಗಿಯಿತು” ಎಂದರು. ಅವರ ಮಾತನ್ನು ಹಟವೆಂದು ತಳ್ಳಿಹಾಕುವಂತಿಲ್ಲ. ಅಮೇರಿಕೆಯಲ್ಲಿ ೧೯೩೫ರಲ್ಲಿ ಹುಟ್ಟಿದ ಪ್ರಾಚೀನ ಮೋಟಾರುಗಳ ಕ್ಲಬ್ಬಿನವರು ೪೦೦ ಅಂಕಗಳಿಂದ ಆರಂಭಿಸಿ ಕಳೆಯುತ್ತ ಬರುವರು. ಅವರ ಅಳತೆಗೋಲೂ ಇದೇ, ಕೊಳ್ಳುವವನ ಕೈಗೆ ಗಾಡಿಯನ್ನು ಒಪ್ಪಿಸಿದ ದಿನದ ಸ್ಥಿತಿ. ಇಂಥದೊಂದು ಸ್ಥಿರವಾದ ದಿನವನ್ನು ಹಿಡಿಯದಿದ್ದರೆ, ನಿನ್ನೆ ಗೋಡೆಗೆ ಗುದ್ದಿ ನಗ್ಗಿಸಿಕೊಂಡದ್ದನ್ನೂ ‘ಇತಿಹಾಸ’ವೆಂದು ಹೇಳಿಕೊಂಡು ಬರುವವರು ಇರುವರೆಂದು ಎಂಜಿನಿಯರರು ಹೇಳಿದ್ದು ನಿಜವೇ. ಆದರೆ ನನ್ನ ಎಣಿಕೆಯಲ್ಲಿ ಆ ತೂತುಗಳು ನಗ್ಗಿನ ಜಾತಿಯವಲ್ಲ. ಲಂಡನ್ನಿನಲ್ಲಿಯೂ ಬರ್ಲಿನ್ನಿನಲ್ಲಿಯೂ ನಡೆದ ಯುದ್ಧವು ನಮ್ಮ ಘಟ್ಟದ ದಾರಿಯನ್ನು ಮುಟ್ಟಿದ ಗುರುತು ಅದು. ಪುಸ್ತಕದಲ್ಲಿ ಓದಬಹುದು, ಆದರೆ ಬೆರಳಿಟ್ಟು ನೋಡುವಂಥ ಸಾಕ್ಷಿ ಎಷ್ಟು ಉಳಿದಿವೆ? ಜಗತ್ತಿನ ಹಳೆಯ ವಾಹನ ಸಂಘಗಳ ಒಕ್ಕೂಟವು ೨೦೧೨ರಲ್ಲಿ ಅಂಗೀಕರಿಸಿದ ಟ್ಯುರಿನ್ನಿನ ಸನ್ನದೂ ಈ ಮಾತಿಗೆ ಬೆಂಬಲವಾಗಿದೆ. ಪ್ರಾಚೀನ ಕಟ್ಟಡಗಳಿಗಾಗಿ ೧೯೬೪ರಲ್ಲಿ ಮಾಡಿದ ವೆನಿಸ್ಸಿನ ಸನ್ನದನ್ನು ಮಾದರಿಯಾಗಿಟ್ಟುಕೊಂಡು ಬರೆದ ಅದರಲ್ಲಿ, ವಾಹನವು ತನ್ನ ಬಳಕೆಯ ಕಾಲದಲ್ಲಿ ಪಡೆದ ಮಾರ್ಪಾಡುಗಳೂ ಅದರ ಚರಿತ್ರೆಯ ಭಾಗವೆಂದು ಗಣಿಸಲಾಗಿದೆ. ಹಂಪೆಯ ಗೋಡೆಗಳನ್ನು ಹೊಸ ಸುಣ್ಣ ಬಳಿದು ಕೃಷ್ಣದೇವರಾಯನ ದಿನದಂತೆ ಮಾಡಬೇಕೆಂದು ಯಾರಾದರೂ ಹೊರಟರೆ ನಾವು ಸುಮ್ಮನಿರುವೆವೆ?

ಮೇಸ್ತ್ರಿಗಳು ಎರಡೂ ಕಡೆಯ ಮಾತನ್ನು ಕೇಳಿ, ಪಟ್ಟಿಯಲ್ಲಿ ಇದ್ದಂತೆ ಅಂಕ ಹಾಕಬೇಕಲ್ಲದೆ ಪಟ್ಟಿಯನ್ನೇ ಬದಲಿಸುವ ಅಧಿಕಾರ ನಮಗಿಲ್ಲವೆಂದರು. ಅದು ನ್ಯಾಯ. ಇಬ್ಬರ ಮತದಿಂದ ಆಸ್ಟಿನ್ನಿಗೆ ಮೊದಲ ಪಾರಿತೋಷಕ ಹೋಯಿತು. ನನ್ನ ಭಿನ್ನಮತವನ್ನು ಕಾಗದದ ಕೆಳಗೆ ಬರೆದು ರುಜು ಮಾಡಿದೆನು.

ಇಷ್ಟಕ್ಕೇ ಮುಗಿದಿದ್ದರೆ ಇದು ಬರೆಯುವ ಮಾತಾಗುತ್ತಿರಲಿಲ್ಲ. ಸಂಜೆಗೆ ಗಾಡಿಗಳೆಲ್ಲ ಹೊರಡುವಾಗ ಶೆವರ್ಲೆಯ ಒಡೆಯನು ನನ್ನ ಬಳಿಗೆ ಬಂದನು. ಬೇಸರದ ಮಾತೇನೂ ಆಡಲಿಲ್ಲ. “ಮಾಸ್ತರ, ಆ ನಾಕು ತೂತು ಬೆಸುಗಿ ಹಾಕಿಸಿ, ತಗಡು ತಟ್ಟಿಸಿ, ಮ್ಯಾಲ ಹೊಸಾ ಬಣ್ಣ ಹೊಡಿಸಿದರ ಮುಂದಿನ ವರ್ಷ ಬರ್ತದೇನ್ರಿ?” ಎಂದು ಕೇಳಿದನು. ಬರುತ್ತದೆಂದೇ ಹೇಳಬೇಕಾಗಿತ್ತು, ಪಟ್ಟಿಯ ಪ್ರಕಾರ ಅದೇ ಉತ್ತರ. ಪರೀಕ್ಷಕನು ಗಾಡಿಯನ್ನು ನೋಡಿ ಅಂಕ ಹಾಕುವನೆಂದು ನಾವು ತಿಳಿದಿರುತ್ತೇವೆ. ಆದರೆ ಮರುವರುಷ ಗಾಡಿಯೇ ಅಂಕವನ್ನು ನೋಡಿ ತನ್ನ ಮೈಯನ್ನು ತಿದ್ದಿಕೊಂಡು ಬರುವದು. ಹತ್ತು ವರುಷ ಹೀಗೆ ನಡೆದರೆ ಈ ಸೀಮೆಯಲ್ಲಿ ಇದ್ದಲಿಯ ಒಲೆಯನ್ನು ಹೊತ್ತ ಗುರುತಿರುವ ಒಂದು ಗಾಡಿಯೂ ಉಳಿಯಲಾರದು; ಎಲ್ಲವೂ ಕಾರಖಾನೆಯಿಂದ ನಿನ್ನೆ ಬಂದಂತೆ, ಎಂದೂ ಎಲ್ಲಿಗೂ ಹೋಗಿಲ್ಲದಂತೆ ನಿಂತಿರುವವು. ಬೆಸುಗೆಯವನ ಹತ್ತಿರ ಹೋಗುವ ಮೊದಲು ನನಗೆ ನಾಲ್ಕು ತಿಂಗಳು ಕೊಡೆಂದು ಅವನನ್ನು ಕೇಳಿಕೊಂಡೆನು. ಬೇಸಿಗೆಯ ಹೊತ್ತಿಗೆ ಅಂಕಪಟ್ಟಿಯನ್ನು ಹೊಸದಾಗಿ ಬರೆಯುವದೆಂದು ಏರ್ಪಾಡಿನವರು ಆಡಿಕೊಳ್ಳುತ್ತಿದ್ದುದು ನನ್ನ ಕಿವಿಗೆ ಬಿದ್ದಿತ್ತು.

ಈ ಗಡುವು ನಡೆದಿರುವಾಗಲೇ ಮಾಘ ಮಾಸವು ಬಂದಿತು. ಭಾರತ ಹುಣ್ಣಿಮೆಯ ಜಾತ್ರೆಗೆಂದು ನಾನು ಉಳವಿಗೆ ಹೋದೆನು. ಪರೀಕ್ಷೆಯ ವಿಷಯವು ತಲೆಯಲ್ಲಿ ತುಂಬಿದ್ದರಿಂದ, ಮೊದಲು ಎಷ್ಟೋ ಸಲ ನೋಡಿದ ಚಕ್ಕಡಿಗಳನ್ನೇ ಈ ಸಲ ಬೇರೆ ಕಣ್ಣಿನಿಂದ ನೋಡಿದೆನು.

ಉಳವಿಯು ಜೋಯಿಡಾ ತಾಲೂಕಿನ ದಟ್ಟವಾದ ಅಡವಿಯಲ್ಲಿದೆ. ಈ ತಾಲೂಕಿಗೆ ಮೊದಲು ಸೂಪಾ ಎಂದು ಹೆಸರು. ಆ ಹೆಸರಿನ ಊರು ಕಾಳೀ ನದಿಯ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಸುತ್ತಲಿನ ಹುಲಿಗಳ ಅಭಯಾರಣ್ಯಕ್ಕೆ ೨೦೧೫ರಿಂದ ನದಿಯ ಹೆಸರೇ ಬಂದಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣವು ಕದಡಿದಾಗ ಬಸವಣ್ಣನವರ ಸೋದರಳಿಯನಾದ ಚನ್ನಬಸವಣ್ಣನು ಶರಣರೊಡನೆ ಈ ಕಾಡಿಗೆ ಬಂದು ಇಲ್ಲಿಯೇ ಐಕ್ಯನಾದನು. ಶರಣರಿಗೆ ಉಳಿವನ್ನು ಕೊಟ್ಟದ್ದರಿಂದಲೇ ಉಳವಿಯೆಂಬ ಹೆಸರು ಬಂದಿತೆಂದು ಜನರು ಹೇಳುವದುಂಟು. ಧಾರವಾಡದಿಂದ ಇಲ್ಲಿಗೆ ಸುಮಾರು ನೂರು ಕಿಲೋಮೀಟರಿನ ದಾರಿ. ಎತ್ತುಗಳನ್ನು ದಣಿಸದೆ ನಡೆಸಿದರೆ ನಾಲ್ಕೈದು ದಿನ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಮಾದಲಿಗಳ ಬುತ್ತಿ ಕಟ್ಟಿಕೊಂಡು, ಮೇವನ್ನು ಹೇರಿಕೊಂಡು, ಬಯಲುಸೀಮೆಯ ಒಕ್ಕಲಿಗರು ಕೊಲ್ಲಾರಿ ಕಟ್ಟಿದ ಚಕ್ಕಡಿಗಳಲ್ಲಿ ಹೆಂಡಿರು ಮಕ್ಕಳೊಡನೆ ಬರುವರು. ಮೋಟಾರು ಇಲ್ಲದವರೆಂದು ಎಣಿಸಬಾರದು. ಅವರಲ್ಲಿ ಎಷ್ಟೋ ಜನರ ಮನೆಯ ಮುಂದೆ ಟ್ರ್ಯಾಕ್ಟರೂ ಕಾರೂ ನಿಂತಿರುವವು.

ಚಕ್ಕಡಿಯನ್ನು ಪರೀಕ್ಷಿಸುವವರು ಮೊದಲು ಎತ್ತನ್ನು ನೋಡುವರು. ಕೊಂಬಿನ ತುದಿಗೆ ಹಿತ್ತಾಳೆಯ ಅಣಸು, ಕೊರಳಲ್ಲಿ ಗಂಟೆ, ಬೆನ್ನ ಮೇಲೆ ಝೂಲು ಇದ್ದರೂ ಅವಕ್ಕೆ ಬಾಯಿಮಾತಿನ ಮೆಚ್ಚಿಗೆ ಮಾತ್ರ. ಬಲ್ಲವನು ಬಗ್ಗಿ ಹೆಗಲನ್ನು ನೋಡುವನು. ನೂರು ಕಿಲೋಮೀಟರು ನೊಗ ಹೊತ್ತ ಹೆಗಲಿನಲ್ಲಿ ಹುಣ್ಣಿದ್ದರೆ ಝೂಲಿನ ಜರಿಯಿಂದ ಅದು ಮುಚ್ಚಲಾರದು. ಆಮೇಲೆ ಗೊರಸು. ತರುವಾಯ ಗಾಲಿಗೆ ಬರುವನು. ಗುಂಬ, ಅರೆ, ವರ್ತುಲ, ಅದರ ಸುತ್ತಲೂ ಕಬ್ಬಿಣದ ಹಳಿ. ಹಳಿಯನ್ನು ಕುಳ್ಳಿನ ಉರಿಯಲ್ಲಿ ಕೆಂಪಗೆ ಕಾಸಿ, ಹಿಗ್ಗಿದಾಗ ಗಾಲಿಗೆ ತೊಡಿಸಿ, ನೀರು ಹೊಯ್ದರೆ ಅದು ಕುಗ್ಗಿ ಅರೆಗಳನ್ನೆಲ್ಲ ಗುಂಬಕ್ಕೆ ಅವುಚಿ ಹಿಡಿಯುವದು. ಒಂದು ಮೊಳೆಯೂ ಬೇಡ. ಫೋರ್ಡನ ಟಿ ಗಾಡಿಗಳಲ್ಲಿ ಬಹುತೇಕಕ್ಕೆ ಇದ್ದದ್ದೂ ಮರದ ಅರೆಗಳ ಗಾಲಿಯೇ. ನಮ್ಮದು ಜಾಲಿ, ಅವನದು ಹಿಕರಿ ಮರ, ಅಷ್ಟೇ ಅಂತರ. ಕೊನೆಗೆ ಅಚ್ಚಿನ ತುದಿಯ ಕಡಾಣಿ. ಜೇಡರ ದಾಸಿಮಯ್ಯನ ವಚನವೊಂದರಲ್ಲಿ ಬರುವ ಕಡೆಗೀಲ ಇದೇ. ಮೇಸ್ತ್ರಿಗಳು ಎಂಜಿನ್ನಿಗೆ ಕಿವಿಗೊಡುವಂತೆಯೇ ಇಲ್ಲಿಯೂ ಒಬ್ಬ ಮುದುಕನು ಬರುವ ಚಕ್ಕಡಿಯ ಕಡೆಗೆ ನೋಡದೆ, ಗುಂಬವು ಕಡಾಣಿಗೆ ತಾಗುವ ಸಪ್ಪಳವನ್ನು ಮಾತ್ರ ಕೇಳುತ್ತ ಕುಳಿತಿದ್ದನು.

ಗಿಡದ ಕೆಳಗೆ ಬಿಟ್ಟ ಒಂದು ಚಕ್ಕಡಿಯು ನನ್ನ ಮನಸ್ಸನ್ನು ಸೆಳೆಯಿತು. ಅದರ ಯಜಮಾನನನ್ನು, ಗಾಡಿ ಎಷ್ಟು ಹಳೆಯದೆಂದು ಕೇಳಿದೆನು.

“ನಮ್ಮ ಅಜ್ಜಂದರಿ. ನಮ್ಮ ಅಪ್ಪನ ಲಗ್ನದ ದಿಬ್ಬಣ ಇದರಾಗ ಹೋಗೇತಿ.”

“ಗಾಲಿ ಹೊಸಾವು ಕಾಣ್ತಾವಲ್ಲ, ಯಜಮಾನರ?”

“ಗಾಲಿ ನಾ ಮಾಡಿಸಿದ್ದರಿ. ಅಚ್ಚು ಅಪ್ಪಂದು. ನೊಗ ಎರಡು ಸಲ ಆತು. ಮೂಕಿ ಹೋದ ವರ್ಷ ಇದೇ ದಾರ್ಯಾಗ ಮುರೀತು, ಹೊಸಾದು ಹಾಕೀವಿ.”

“ಹಂಗಾರ ಅಜ್ಜಂದು ಏನು ಉಳೀತು?”

ಅವನು ನನ್ನ ಮುಖವನ್ನು, ಮಾಸ್ತರನಿಗೆ ಇಷ್ಟು ತಿಳಿಯದೆ ಎಂಬಂತೆ ನೋಡಿದನು. “ಗಾಡಿ ಉಳೀತಲ್ರಿ” ಎಂದನು.

ಎಂಜಿನಿಯರರ ಪಟ್ಟಿಯನ್ನು ಈ ಚಕ್ಕಡಿಗೆ ಹಿಡಿದರೆ ಅದಕ್ಕೆ ಒಂದು ಅಂಕವೂ ದಕ್ಕದು. ಆದರೆ ಈ ಪ್ರಶ್ನೆಯು ಬಹು ಹಳೆಯದು. ಮಿಲಿಂದನೆಂಬ ಯವನರಾಜನಿಗೆ ನಾಗಸೇನನೆಂಬ ಬೌದ್ಧ ಭಿಕ್ಷುವು, ನೀನು ಏರಿಬಂದ ರಥವು ಗಾಲಿಯೋ, ಅಚ್ಚೋ, ನೊಗವೋ ಎಂದು ಒಂದೊಂದಾಗಿ ಕೇಳಿ, ಇವಾವುದೂ ಅಲ್ಲದೆ ರಥವೆಲ್ಲಿದೆಯೆಂದು ಅರಸನನ್ನು ತಬ್ಬಿಬ್ಬು ಮಾಡಿದ್ದನ್ನು ಪಾಳಿಯ ಗ್ರಂಥವು ಹೇಳುತ್ತದೆ. ಗ್ರೀಕರಲ್ಲಿಯೂ ಥೀಸಿಯಸ್ಸನ ಹಡಗಿನ ಹಲಗೆಗಳನ್ನು ಒಂದೊಂದಾಗಿ ಬದಲಿಸಿದ ಮೇಲೆ ಅದು ಅದೇ ಹಡಗೋ ಎಂದು ವಾದವಿತ್ತೆಂದು ಪ್ಲುಟಾರ್ಕನು ಬರೆದಿದ್ದಾನೆ. ಪಂಡಿತರು ಇನ್ನೂ ವಾದಿಸುತ್ತಿರಲಿ. ಒಕ್ಕಲಿಗನ ಉತ್ತರದಲ್ಲಿ ನನಗೆ ಬೇಕಾದ ಅರ್ಥವು ಸ್ಪಷ್ಟವಾಗಿದ್ದಿತು: ಮೂರು ತಲೆಮಾರಿನಿಂದ ಆ ಗಾಡಿಯು ತನ್ನ ಕೆಲಸವನ್ನು ಬಿಟ್ಟಿಲ್ಲ, ಮುರಿದದ್ದನ್ನು ಹಾಕಿಸಿಕೊಂಡಿದೆ, ದಾರಿಯನ್ನು ಬಿಟ್ಟಿಲ್ಲ. ಅದರ ಮಾರ್ಪಾಡುಗಳೆಲ್ಲ ಉಳವಿಯ ದಾರಿಯಲ್ಲಿ ಆದವುಗಳೇ ಹೊರತು ಪ್ರದರ್ಶನಕ್ಕಾಗಿ ಮಾಡಿಸಿದವುಗಳಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಹಳೆಯದರ ಮೇಲಿನ ಮೋಹದಿಂದ ನಾನು ಕುರುಡಾಗಿರುವೆನೆಂದು ಎಣಿಸಬಾರದು. ರಬ್ಬರ್ ಟೈರಿನ ಚಕ್ಕಡಿಗಳೂ ಅಲ್ಲಿದ್ದವು. ಅವನ್ನು ಕಂಡು ಮೂಗು ಮುರಿಯುವ ಪಟ್ಟಣಿಗರನ್ನು ನಾನು ಬಲ್ಲೆ. ಚಿತ್ರ ತೆಗೆಯಲು ಅವು ಒಗ್ಗುವದಿಲ್ಲವಂತೆ. ಡನ್‌ಲಪ್ಪನು ತನ್ನ ಗಾಳಿ ತುಂಬಿದ ಟೈರಿಗೆ ೧೮೮೮ರಲ್ಲಿ ಹಕ್ಕುಪತ್ರವನ್ನು ಪಡೆದದ್ದರಿಂದ ಮನುಷ್ಯರಿಗೆ ಆದ ಉಪಕಾರವು ದೊಡ್ಡದಿರಬಹುದು. ನಮ್ಮ ಎತ್ತುಗಳಿಗೆ ಆದದ್ದು ಅದಕ್ಕಿಂತ ದೊಡ್ಡದು. ಡಾಂಬರಿನ ಮೇಲೆ ಕಬ್ಬಿಣದ ಹಳಿಯು ಜಾರುವದು, ಹೆಗಲು ಜಗ್ಗುವದು. ಯಾವ ಮಾರ್ಪಾಡು ಪ್ರಾಣಿಯ ನೋವನ್ನು ಕಡಿಮೆ ಮಾಡುವದೋ ಅದಕ್ಕೆ ಅಂಕ ಕಳೆಯುವ ಪರೀಕ್ಷಕನನ್ನು ನೊಗಕ್ಕೆ ಕಟ್ಟಿ ಒಂದು ಹರದಾರಿ ನಡೆಸಬೇಕು. ಆದರೆ ಇದರೊಡನೆ ಇನ್ನೊಂದು ಮಾತೂ ಇದೆ. ಮರದ ಗಾಲಿಯ ಯಜಮಾನನಿಗೆ, ಈ ಗಾಲಿ ಹೋದರೆ ಮುಂದೇನೆಂದು ಕೇಳಿದಾಗ, ತನಗೆ ಅದನ್ನು ಮಾಡಿಕೊಟ್ಟ ಬಡಿಗನು ತೀರಿಕೊಂಡನೆಂದೂ ಅವನ ಮಗನು ಕಿಡಕಿ ಬಾಗಿಲುಗಳನ್ನು ಮಾತ್ರ ಮಾಡುವನೆಂದೂ ಹೇಳಿದನು. ಗುಂಬಕ್ಕೆ ಎಷ್ಟು ಓರೆಯಾಗಿ ಅರೆಯನ್ನು ಕೂಡಿಸಬೇಕೆಂಬುದು ಯಾವ ಪುಸ್ತಕದಲ್ಲಿದ್ದರೂ ಕೈಯಲ್ಲಿ ಇಲ್ಲದೆ ಹೋದರೆ ಗಾಲಿಯಾಗದು. ಹಳೆಯ ಮೋಟಾರುಗಳ ಮಟ್ಟಿಗೂ ಇದೇ ಹೆದರಿಕೆ. ನಮ್ಮ ಮೇಸ್ತ್ರಿಗಳ ಕಿವಿಯನ್ನು ಕಲಿತ ಶಿಷ್ಯನೊಬ್ಬನೂ ಇಲ್ಲ.

ನಡೆದು ಬಂದದ್ದಕ್ಕೇ ಮಾನ ಕೊಡುವ ಪದ್ಧತಿಯು ಮೋಟಾರಿನವರಲ್ಲಿಯೂ ಇಲ್ಲದಿಲ್ಲ. ಇಂಗ್ಲೆಂಡದಲ್ಲಿ, ಯಂತ್ರದ ಗಾಡಿಯ ಮುಂದೆ ಒಬ್ಬ ಮನುಷ್ಯನು ನಡೆಯಬೇಕೆಂಬ ಹಳೆಯ ಕಾಯಿದೆಯು ರದ್ದಾಗಿ, ತಾಸಿಗೆ ೧೪ ಮೈಲಿನ ವೇಗಕ್ಕೆ ಅಪ್ಪಣೆಯಾದ ಸಂತೋಷಕ್ಕೆ ೧೮೯೬ರ ನವಂಬರ ೧೪ರಂದು ಲಂಡನ್ನಿನಿಂದ ಬ್ರೈಟನ್ನಿನ ಸಮುದ್ರದ ದಂಡೆಯ ವರೆಗೆ ಗಾಡಿಗಳು ಓಡಿದವು. ೧೯೨೭ರಲ್ಲಿ ಅದರ ಸ್ಮರಣೆಯ ಯಾತ್ರೆಯು ಮೊದಲಾಗಿ, ಈಗಲೂ ನಡೆದಿದೆ. ೧೯೦೫ಕ್ಕಿಂತ ಮುಂಚಿನ ಗಾಡಿಗಳಿಗೆ ಮಾತ್ರ ಪ್ರವೇಶ, ಅದು ಪಂದ್ಯವಲ್ಲ, ಹೊತ್ತಿಗೆ ಸರಿಯಾಗಿ ಮುಟ್ಟಿದವರಿಗೆಲ್ಲ ಪದಕ. ಮಳೆಯಲ್ಲಿ ನೆನೆದು, ದಾರಿಯಲ್ಲಿ ಕೆಟ್ಟು, ದುರಸ್ತಿ ಮಾಡಿಕೊಂಡು ಬರುವ ಆ ಮುದಿ ಗಾಡಿಗಳ ವೃತ್ತಾಂತವನ್ನು ಓದುವಾಗೆಲ್ಲ ನನಗೆ ಇದೊಂದು ಇಂಗ್ಲಿಷರ ಉಳವಿಯೆಂದು ಅನಿಸಿದೆ. ದೇವರು ಮಾತ್ರ ಇಲ್ಲ.

ಉಳವಿಯಿಂದ ಬಂದ ವಾರದಲ್ಲಿಯೇ ಪ್ರದರ್ಶನದ ಏರ್ಪಾಡಿನವರು ನಮ್ಮ ಮೂವರನ್ನೂ ಕೂಡಿಸಿ ಹೊಸ ಅಂಕಪಟ್ಟಿಯ ಕರಡನ್ನು ಕೇಳಿದರು. ನಾನು ಎರಡು ಮಾತುಗಳನ್ನು ಸೇರಿಸಬೇಕೆಂದು ಹಿಡಿದೆನು. ಗಾಡಿಯು ತನ್ನ ಕಾಲ ಮೇಲೆ ಬಂದ ದಾರಿಗೆ ಅಂಕಗಳಿರಬೇಕು. ಮತ್ತು ಅದು ದುಡಿಯುತ್ತಿದ್ದ ಕಾಲದಲ್ಲಿ ದುಡಿಮೆಗಾಗಿಯೇ ಆದ ಮಾರ್ಪಾಡಿಗೆ ಅಂಕ ಕಳೆಯಬಾರದು. ಮೊದಲನೆಯದನ್ನು ಮೇಸ್ತ್ರಿಗಳು ಕೂಡಲೆ ಒಪ್ಪಿದರು. ಹತ್ತು ವರುಷದಿಂದ ತಾವು ಅದನ್ನೇ ಹೇಳುತ್ತಿರುವೆವೆಂದೂ ಅಂದರು. ಎರಡನೆಯದಕ್ಕೆ ಎಂಜಿನಿಯರರು ಒಂದು ದಿನ ವಿಚಾರ ಮಾಡಿ, ಒಂದು ಕರಾರಿನ ಮೇಲೆ ಒಪ್ಪಿದರು: ಮಾರ್ಪಾಡು ಯಾವಾಗ, ಯಾತಕ್ಕೆ ಆಯಿತೆಂಬುದಕ್ಕೆ ಕಾಗದದ ಪುರಾವೆ ಬೇಕು. ಬರಿಯ ಬಾಯಿಮಾತು ನಡೆಯದು. ಅವರ ಕರಾರು ಒಳ್ಳೆಯದೇ ಆಯಿತು. ನಾನು ಶೆವರ್ಲೆಯ ಒಡೆಯನಿಗೆ ಕಾಗದ ಬರೆದು ಹಳೆಯ ನೋಂದಣಿ ಪುಸ್ತಕವನ್ನು ತರಿಸಿದೆನು. ಗೆದ್ದಲು ಅಂಚನ್ನು ತಿಂದಿದ್ದರೂ ಒಳಗಿನ ಪುಟವು ಉಳಿದಿದ್ದಿತು; ಅದರಲ್ಲಿ ಇದ್ದಲಿಯ ಒಲೆಯನ್ನು ಕೂಡಿಸಿದ್ದರ ನಮೂದು ತಾರೀಖಿನೊಡನೆ ಇದ್ದಿತು.

ಎಂಜಿನಿಯರರು ಅದನ್ನು ಕನ್ನಡಕ ಏರಿಸಿಕೊಂಡು ಎರಡು ಸಲ ಓದಿ, “ಸರಿ” ಎಂದು ಮಡಿಚಿ ಕೊಟ್ಟರು.

ತೂತುಗಳಿಗೆ ಬೆಸುಗೆ ಹಾಕಿಸಿಲ್ಲವೆಂದು ಒಡೆಯನಿಂದ ಮೊನ್ನೆ ಉತ್ತರ ಬಂದಿದೆ. ಆದರೆ ಮಳೆಗಾಲದಲ್ಲಿ ನೀರು ಒಳಗಿಳಿಯುವದರಿಂದ ನಾಲ್ಕಕ್ಕೂ ರಬ್ಬರಿನ ಬಿರಡೆಗಳನ್ನು ಬಡಿದಿರುವನಂತೆ. ಅವಕ್ಕೆ ಅಂಕ ಕಳೆಯುವದೋ ಬೇಡವೋ ಎಂಬುದರ ಮೇಲೆ ನಮ್ಮ ಮೂವರಲ್ಲಿ ಪತ್ರವ್ಯವಹಾರವು ನಡೆದಿದೆ.